ಹಾಡು ಆರಿಸುವ ಕೆಲಸ: ಚಾನೆಲ್ ವಿ ಬೆಳೆದದ್ದು, ಮುಚ್ಚಿದ್ದು

(ಮಾತುಂಗದಲ್ಲಿ ಮುಂಬೈ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಡೊಂಬಿವಲಿಯಿಂದ, ಥಾಣೆಯಿಂದ ಲೋಕಲ್ ಹಿಡಿದು ಬಂದಿದ್ದೀರಿ. ತುಂಬಾ ಸಂತೋಷ.

ಇವತ್ತು ನಾನು ಹೇಳಬೇಕೆಂದಿರುವುದು ಚಾನೆಲ್ ವಿ ಎನ್ನುವ ಮ್ಯೂಸಿಕ್ ಟಿವಿ ಚಾನೆಲ್ ಬಗ್ಗೆ. ಮುಂದೆ ಕೂತಿರುವ ಹಿರಿಯರಿಗೆ ಅದು ಮಕ್ಕಳು ರಿಮೋಟ್ ಕಿತ್ತುಕೊಂಡು ಹಾಕುತ್ತಿದ್ದ ಗದ್ದಲದ ಚಾನೆಲ್. ಹಿಂದೆ ನಿಂತಿರುವ ಕಾಲೇಜು ಮಕ್ಕಳಲ್ಲಿ ಕೆಲವರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. 1994ರಲ್ಲಿ ಶುರುವಾಯಿತು, 2018ರಲ್ಲಿ ಮುಚ್ಚಿತು. ನಾನು ಹಲವು ವರ್ಷ ಮಹಾಲಕ್ಷ್ಮಿ, ಅಂಧೇರಿ ಕಡೆಯ ಎಡಿಟ್ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವನು. ಮ್ಯೂಸಿಕ್ ವಿಡಿಯೊ ಎಡಿಟ್ ಮಾಡಿಯೇ ನಮ್ಮ ಮನೆ ನಡೆದಿದೆ. ಹಾಗಾಗಿ ಈ ವಿಷಯ ನನಗೆ ಸುಮ್ನೆ ಹಳೇ ನೆನಪಿನ ಮಾತಲ್ಲ.

ಯೂಟ್ಯೂಬ್ ಬಂತು, ಮ್ಯೂಸಿಕ್ ಚಾನೆಲ್‌ಗಳು ಸತ್ತವು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೈಗೆ ಸ್ಮಾರ್ಟ್‌ಫೋನ್ ಬರುವ ಎಷ್ಟೋ ಮೊದಲೇ ಈ ಚಾನೆಲ್ ತನ್ನ ಮುಖ್ಯ ಕೆಲಸವನ್ನು ಬಿಟ್ಟಾಗಿತ್ತು. ಹಾಡು ಆರಿಸುವ ಕೆಲಸ. ಯಾರೂ ಕೇಳದ ಒಂದು ಹಾಡನ್ನು ಹಿಡಿದು, ಇದು ಚೆನ್ನಾಗಿದೆ, ಕೇಳಿ ಅಂತ ಇಡೀ ದೇಶಕ್ಕೆ ಹೇಳುವ ಕೆಲಸ. ಅದನ್ನು ಯಾಕೆ ಬಿಟ್ಟರು, ಹೇಗೆ ಬಿಟ್ಟರು ಎನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಹುಟ್ಟಿನ ಕಥೆ. ಅಮೆರಿಕದಲ್ಲಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ಇಪ್ಪತ್ತನಾಲ್ಕು ಗಂಟೆಯೂ ಹಾಡಿನ ವಿಡಿಯೊ. ಆಗ ನಮಗೆ ದೂರದರ್ಶನ ಒಂದೇ ದಿಕ್ಕು, ಅದರಲ್ಲಿ ವಾರಕ್ಕೊಮ್ಮೆ ಸಿನಿಮಾ ಹಾಡು. 1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಬಂತು. ಮುಂಬೈನಲ್ಲಿ ಅದಕ್ಕೆ ದಾರಿ ಮೊದಲೇ ಸಿದ್ಧವಾಗಿತ್ತು. 80ರ ದಶಕದಲ್ಲೇ ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ಒಬ್ಬರು ವಿಸಿಆರ್ ಇಟ್ಟುಕೊಂಡು ಮನೆಮನೆಗೆ ವೈರ್ ಎಳೆದು ಸಿನಿಮಾ ತೋರಿಸುತ್ತಿದ್ದರು. ಅವರೇ ಮುಂದೆ ಮಹಡಿಯ ಮೇಲೆ ಡಿಶ್ ಕೂರಿಸಿ ಕೇಬಲ್‌ವಾಲಾಗಳಾದರು. ಆ ಸ್ಟಾರ್‌ನ ಕಟ್ಟಿನಲ್ಲಿ ಎಂಟಿವಿಯೂ ಒಂದು ಚಾನೆಲ್. ಅದರಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಹಾಡು.

1993ರಲ್ಲಿ ರೂಪರ್ಟ್ ಮರ್ಡೋಕ್ ಸ್ಟಾರ್‌ನ ದೊಡ್ಡ ಪಾಲು ಕೊಂಡರು. ಮರುವರ್ಷವೇ ಎಂಟಿವಿಗೂ ಸ್ಟಾರ್‌ಗೂ ಸಂಬಂಧ ಮುರಿಯಿತು. ಎಂಟಿವಿ ಹೊರಟುಹೋದ ಜಾಗದಲ್ಲಿ 1994ರ ಮೇ ತಿಂಗಳಲ್ಲಿ ಸ್ಟಾರ್ ತನ್ನದೇ ಚಾನೆಲ್ ವಿ ಇಟ್ಟಿತು. ಅಂದರೆ ಅದು ಯಾರದೋ ಕನಸಿನಿಂದ ಹುಟ್ಟಿದ ಚಾನೆಲ್ ಏನಲ್ಲ. ಖಾಲಿಯಾದ ಜಾಗ ತುಂಬಲು ಅವಸರದಲ್ಲಿ ಮಾಡಿದ್ದು. ಆ ಅವಸರವೇ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತದೆ. ಹೀಗೇ ಇರಬೇಕು ಅಂತ ಹೇಳುವ ಹಳೆಯ ಕಡತ ಯಾರ ಹತ್ತಿರವೂ ಇರಲಿಲ್ಲ. ಕೆಲಸಕ್ಕೆ ಬಂದವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಹಿಂದಿ ಹಾಡಿನ ಪಕ್ಕದಲ್ಲಿ ಇಂಗ್ಲಿಷ್ ಹಾಡು ಹಾಕಿದರು. ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡಿದರು. ಮುಂಬೈ ಕಾಲೇಜು ಕ್ಯಾಂಟೀನಿನಲ್ಲಿ ಜನ ಮಾತಾಡುತ್ತಿದ್ದದ್ದೂ ಹಾಗೆಯೇ ಅಲ್ವಾ?

ಹಾಡುಗಳ ನಡುವೆ ಬಂದು ಮಾತಾಡುವವರನ್ನು ವಿಜೆ ಅನ್ನುತ್ತಿದ್ದರು. ಎರಡು ಹಾಡಿನ ನಡುವಿನ ಆ ಮಾತಿಗೆ ನಮ್ಮ ಎಡಿಟ್ ಕೋಣೆಯಲ್ಲಿ ಲಿಂಕ್ ಅಂತ ಹೆಸರು. ಕೆನಡಾದಲ್ಲಿ ಬೆಳೆದ ರೂಬಿ ಭಾಟಿಯಾ, ಕುಣಿಯುತ್ತಾ ನಗಿಸುತ್ತಾ ಬರುತ್ತಿದ್ದ ಜಾವೇದ್ ಜಾಫ್ರಿ, ಇವರೆಲ್ಲ ಒಂದೆರಡು ವರ್ಷದಲ್ಲೇ ಮನೆಮಾತಾದರು. 1996ರಲ್ಲಿ ಎಂಟಿವಿ ಭಾರತಕ್ಕಾಗಿಯೇ ಬೇರೆ ಚಾನೆಲ್ ಮಾಡಿಕೊಂಡು ವಾಪಸ್ ಬಂತು. ಅದು ಕೂಡ ಚಾನೆಲ್ ವಿ ಹಿಡಿದ ದಾರಿಯನ್ನೇ ಹಿಡಿಯಿತು. ಸೈರಸ್ ಬ್ರೋಚಾ ರಸ್ತೆಯಲ್ಲಿ ಹೋಗುವವರನ್ನು ಬಕ್ರಾ ಮಾಡಿದರು. ಬೆಂಗಳೂರಿನಿಂದ ಬಂದ ನಿಖಿಲ್ ಚಿನಪ್ಪ ವಿಜೆ ಆದರು.

ಇಲ್ಲಿ ದಕ್ಷಿಣದವರಾದ ನಮಗೆ ಸಂಬಂಧಪಟ್ಟ ಒಂದು ಮಾತು ಹೇಳಲೇಬೇಕು. ಚಾನೆಲ್ ವಿ ತನ್ನ ಪ್ರಚಾರಕ್ಕೆಂದು ಒಬ್ಬ ದಕ್ಷಿಣ ಭಾರತದ ಕೌಬಾಯ್‌ನನ್ನು ಸೃಷ್ಟಿಸಿತು. ಕ್ವಿಕ್ ಗನ್ ಮುರುಗನ್. ರಾಜೇಶ್ ದೇವರಾಜ್ ಮತ್ತು ಶಶಾಂಕ ಘೋಷ್ ಕಟ್ಟಿದ ಪಾತ್ರ. 2009ರಲ್ಲಿ ಅದೇ ಪಾತ್ರ ಇಟ್ಟುಕೊಂಡು ಶಶಾಂಕ ಘೋಷ್ ಸಿನಿಮಾ ಕೂಡ ಮಾಡಿದರು. ಮುಂದೆ ಲೋಲಾ ಕುಟ್ಟಿ ಬಂದಳು. ಸೀರೆ, ತಲೆ ತುಂಬ ಮಲ್ಲಿಗೆ, ದಪ್ಪ ಕನ್ನಡಕ, ಮಲಯಾಳಿ ಉಚ್ಚಾರಣೆಯ ಇಂಗ್ಲಿಷ್. ಅದು ಅನುರಾಧಾ ಮೆನನ್ ಮಾಡಿದ ಪಾತ್ರ. ಮುಂಬೈ ಶಾಲೆಗಳಲ್ಲಿ ಓದಿದ ನಮಗೆಲ್ಲ 'ಮದ್ರಾಸಿ' ಅನ್ನಿಸಿಕೊಂಡು ಅಭ್ಯಾಸ. ಕನ್ನಡದವರು, ತುಳುವರು, ತಮಿಳರು, ಎಲ್ಲರಿಗೂ ಅದೊಂದೇ ಹೆಸರು. ಹಾಗಾಗಿ ಈ ಪಾತ್ರಗಳನ್ನು ನೋಡಿ ಬೇಜಾರು ಮಾಡಿಕೊಂಡವರು ನಮ್ಮಲ್ಲೇ ಇದ್ದರು. ನನಗೆ ಬೇಜಾರಾಗಲಿಲ್ಲ. ಮುರುಗನ್ ಆ ಕಥೆಯ ಹೀರೊ. ಲೋಲಾ ಕುಟ್ಟಿ ಪ್ರಶ್ನೆ ಕೇಳುವವಳು, ದೊಡ್ಡ ದೊಡ್ಡ ಸ್ಟಾರ್‌ಗಳು ಎದುರು ಕೂತು ಉತ್ತರ ಕೊಡಬೇಕಿತ್ತು. ನನ್ನ ದೂರು ಬೇರೆ. ಆ ಚಾನೆಲ್‌ನಲ್ಲಿ ನಮ್ಮ ಉಚ್ಚಾರಣೆಗೆ ಜಾಗ ಸಿಕ್ಕಿತು, ನಮ್ಮ ಹಾಡಿಗೆ ಸಿಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮುಖ್ಯ ವಿಷಯ. ಆ ಐದಾರು ವರ್ಷ ಯಾಕೆ ಅಷ್ಟು ಚೆನ್ನಾಗಿದ್ದವು?

ನಮ್ಮ ದೇಶದಲ್ಲಿ ಹಾಡು ಅಂದರೆ ಸಿನಿಮಾ ಹಾಡು. ಸಿನಿಮಾದ ಹೊರಗೆ ಗಜಲ್ ಇತ್ತು, ಭಜನೆ ಇತ್ತು, ನಮ್ಮ ಭಾವಗೀತೆ ಇತ್ತು. ಆದರೆ ಹದಿನೆಂಟು ವರ್ಷದ ಹುಡುಗಿ ತನ್ನದು ಅಂತ ಹೇಳಿಕೊಳ್ಳುವ ಸಿನಿಮೇತರ ಹಾಡು ಹಿಂದಿಯಲ್ಲಿ ಬಹಳ ಕಡಿಮೆ. ಮ್ಯೂಸಿಕ್ ಚಾನೆಲ್ ಬಂದ ಮೇಲೆ ಅದು ಬೆಳೆಯಿತು. ಇಂಡಿಪಾಪ್ ಅಂತ ಹೆಸರೂ ಬಿತ್ತು. 1995ರಲ್ಲಿ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ಬಂತು. ಮ್ಯಾಗ್ನಾಸೌಂಡ್ ಕಂಪನಿ ತಂದದ್ದು, ಕೆನ್ ಘೋಷ್ ವಿಡಿಯೊ ಮಾಡಿದ್ದು. ಮಿಲಿಂದ್ ಸೋಮನ್ ಮರದ ಪೆಟ್ಟಿಗೆಯೊಳಗಿಂದ ಬರುವ ದೃಶ್ಯ ಇಲ್ಲಿರುವ ಎಷ್ಟೋ ಜನರಿಗೆ ನೆನಪಿರಬೇಕು. ಅದಕ್ಕೆ ಸಂಗೀತ ಕೊಟ್ಟ ಬಿದ್ದು ಯಾರು ಗೊತ್ತಾ? ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ಲಂಡನ್‌ಗೆ ಹೋಗಿ 1974ರಲ್ಲಿ 'ಕುಂಗ್ ಫು ಫೈಟಿಂಗ್' ಎನ್ನುವ ಹಾಡನ್ನು ತಯಾರಿಸಿ ಜಗತ್ತನ್ನೇ ಕುಣಿಸಿದವರು. ಪಾಕಿಸ್ತಾನದ ಪಾಪ್ ಗಾಯಕಿ ನಾಜಿಯಾ ಹಸನ್ ಅವರಿಂದ ಹಾಡಿಸಿದವರೂ ಇವರೇ. ಮುಂಬೈ ಕನ್ನಡ ಸಭೆಗಳಲ್ಲಿ ಇವರ ಹೆಸರು ಕೇಳಿದ್ದು ನನಗೆ ನೆನಪಿಲ್ಲ. ಅದಕ್ಕೇ ಇವತ್ತು ಜೋರಾಗಿ ಹೇಳುತ್ತಿದ್ದೇನೆ.

1996ರಲ್ಲಿ ಎರಡು ಬಂದವು. ಮುಂಬೈನಲ್ಲೇ ಬೆಳೆದ ಹರಿಹರನ್, ಲೆಸ್ಲಿ ಲೂಯಿಸ್ ಜೊತೆ ಸೇರಿ ಕಲೋನಿಯಲ್ ಕಸಿನ್ಸ್ ಆದರು. ಕರ್ನಾಟಕ ಸಂಗೀತದ ಆಲಾಪ ಮತ್ತು ಗಿಟಾರ್ ಒಂದೇ ಹಾಡಿನಲ್ಲಿ. ಇನ್ನೊಂದು ಲಕ್ಕಿ ಅಲಿ ಅವರ 'ಓ ಸನಮ್'. ಮಹೇಶ್ ಮಥಾಯಿ ಈಜಿಪ್ಟಿನಲ್ಲಿ ಅದರ ವಿಡಿಯೊ ಮಾಡಿದರು. ಒಡೆದಂತಿರುವ ಆ ದನಿಯನ್ನು ಯಾವ ಸಿನಿಮಾ ಸಂಗೀತ ನಿರ್ದೇಶಕರೂ ಆಗ ಹೀರೊಗೆ ಹಾಡಿಸುತ್ತಿರಲಿಲ್ಲ ಅಂತ ನನ್ನ ನಂಬಿಕೆ. 1999ರಲ್ಲಿ ಶುಭಾ ಮುದ್ಗಲ್ 'ಅಬ್ ಕೆ ಸಾವನ್' ಹಾಡಿದರು. ಖಯಾಲ್ ಹಾಡುವವರ ತುಂಬು ಗಂಟಲು, ಮಳೆಯಲ್ಲಿ ಕುಣಿಯುವ ಹುಡುಗರು. ಇವು ಯಾವುದಕ್ಕೂ ಸಿನಿಮಾ ಹಾಡಿನ ಅಳತೆಪಟ್ಟಿ ಇರಲಿಲ್ಲ. ಯಾರೋ ಒಬ್ಬರು ಚಾನೆಲ್‌ನಲ್ಲಿ ಕೂತು, ಟೇಪ್ ಹಾಕಿ ನೋಡಿ, ಇದನ್ನು ದಿನಕ್ಕೆ ಇಷ್ಟು ಸಲ ಹಾಕೋಣ ಅಂದರು. ನಾವು ಅದಕ್ಕೆ ರೊಟೇಶನ್ ಅನ್ನುತ್ತಿದ್ದೆವು. ರೊಟೇಶನ್‌ಗೆ ಬಿದ್ದ ಹಾಡು ವಾರದೊಳಗೆ ಜಮ್ಮುವಿನಲ್ಲೂ ಮಂಗಳೂರಿನಲ್ಲೂ ಕೇಳಿಸುತ್ತಿತ್ತು.

ದುಡ್ಡು ಹೇಗೆ ಬರುತ್ತಿತ್ತು ಅಂತ ಹುಡುಗರು ಕೇಳುತ್ತಾರೆ. ಕ್ಯಾಸೆಟ್‌ನಿಂದ. ಕಂಪನಿ ಖರ್ಚು ಮಾಡಿ ವಿಡಿಯೊ ಮಾಡುತ್ತಿತ್ತು, ಚಾನೆಲ್ ಅದನ್ನು ತೋರಿಸುತ್ತಿತ್ತು, ನೋಡಿದವರು ಅಂಗಡಿಗೆ ಹೋಗಿ ಕ್ಯಾಸೆಟ್ ಕೊಳ್ಳುತ್ತಿದ್ದರು. ಆ ಕೊನೆಯ ಹೆಜ್ಜೆ ಗಟ್ಟಿಯಾಗಿರುವ ತನಕ ಎಲ್ಲರ ಹೊಟ್ಟೆ ತುಂಬುತ್ತಿತ್ತು. ಕೆಲಸವೂ ಸುಲಭವಿರಲಿಲ್ಲ. ಆಗ ಖಾಸಗಿ ಚಾನೆಲ್‌ಗಳು ಭಾರತದಿಂದಲೇ ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಹಾಗಿರಲಿಲ್ಲ. ಇಲ್ಲಿ ಎಡಿಟ್ ಆದ ಕಾರ್ಯಕ್ರಮ ಬೀಟಾ ಟೇಪಿನಲ್ಲಿ ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೆ ಏರಿ, ಮತ್ತೆ ನಮ್ಮ ಮಹಡಿಯ ಡಿಶ್‌ಗೆ ಬೀಳುತ್ತಿತ್ತು. ಟೇಪ್ ಕೊರಿಯರ್‌ಗೆ ಹೊರಡುವ ಹೊತ್ತು ಅಂದರೆ ಎಡಿಟ್ ಕೋಣೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ.

90ರ ದಶಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ ಕಾಲ ಇಳಿಯತೊಡಗಿತು. ಕಳ್ಳ ಸಿಡಿ ಬಂತು. ಒಂದೇ ಡಿಸ್ಕಿಗೆ ನೂರಾರು ಹಾಡು ತುಂಬಿದ ಎಂಪಿ3 ಬಂತು, ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಸಿನಿಮೇತರ ಆಲ್ಬಂಗೆ ವಿಡಿಯೊ ಮಾಡಿಸುವ ದುಡ್ಡು ಕಂಪನಿಗಳಿಗೆ ಎಲ್ಲಿಂದ ಬರಬೇಕು? ಸಿನಿಮಾದವರಿಗೆ ಈ ತೊಂದರೆ ಇರಲಿಲ್ಲ. ಅವರ ವಿಡಿಯೊ ಹೇಗೂ ಸಿನಿಮಾದೊಳಗೇ ಶೂಟ್ ಆಗಿರುತ್ತದೆ. ಮೇಲಾಗಿ ಬಿಡುಗಡೆಗೆ ಮುಂಚೆ ಪ್ರಚಾರಕ್ಕೆಂದು ಬೇರೆ ದುಡ್ಡು ಇಟ್ಟಿರುತ್ತಾರೆ. ಅವರು ಚಾನೆಲ್‌ಗೆ ಬಂದು ಸ್ಲಾಟ್ ಕೊಂಡುಕೊಂಡರು. ಹಾಡು ಪ್ರೋಮೊ ಆಯಿತು. ಇಷ್ಟು ದುಡ್ಡಿಗೆ ದಿನಕ್ಕೆ ಇಷ್ಟು ಸಲ.

ನಾನು ಹೇಳಿದ ಆರಿಸುವ ಕೆಲಸ ನಿಂತದ್ದು ಅಲ್ಲೇ. ಅದು 2000ದ ಆಚೀಚೆ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ, ಭಾರತಕ್ಕೆಂದು ಬೇರೆಯಾಗಿ ಬಂದದ್ದು 2008ರಲ್ಲಿ. ಈ ಲೆಕ್ಕ ದಯವಿಟ್ಟು ಗಮನದಲ್ಲಿಡಿ.

ಚಾನೆಲ್ ವಿ ಸುಮ್ಮನೆ ಕೈಕಟ್ಟಿ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. 2002ರಲ್ಲಿ ಪಾಪ್‌ಸ್ಟಾರ್ಸ್ ಎನ್ನುವ ಸ್ಪರ್ಧೆ ಮಾಡಿತು. ದೇಶವೆಲ್ಲ ಹುಡುಕಿ ಐದು ಹುಡುಗಿಯರನ್ನು ಆರಿಸಿ ವಿವಾ ಅನ್ನುವ ಬ್ಯಾಂಡ್ ಕಟ್ಟಿತು. ನೇಹಾ ಭಸೀನ್, ಅನುಷ್ಕಾ ಮನ್ಚಂದಾ ಹೊರಗೆ ಬಂದದ್ದು ಅಲ್ಲಿಂದ. ಆ ಸ್ಪರ್ಧೆಯನ್ನು ನಾನು ಒಂದು ಕಂತೂ ಬಿಡದೆ ನೋಡಿದೆ. ಸಿನಿಮಾದ ನೆರಳಿಲ್ಲದೆ ಬ್ಯಾಂಡ್ ಒಂದನ್ನು ಬೆಳೆಸಬಹುದು ಅನ್ನುವ ಆಸೆ ಅದರಲ್ಲಿ ಇತ್ತು. ಬ್ಯಾಂಡ್ ಬಹಳ ವರ್ಷ ಉಳಿಯಲಿಲ್ಲ. ಆ ಹುಡುಗಿಯರಲ್ಲೇ ಕೆಲವರು ಸಿನಿಮಾ ಹಾಡಿಗೆ ಹೋದರು. ತಪ್ಪು ಅಂತ ಹೇಳುತ್ತಿಲ್ಲ. ಬೇರೆ ದಾರಿ ಎಲ್ಲಿತ್ತು? 2004ರಲ್ಲಿ ಸೋನಿಯಲ್ಲಿ ಇಂಡಿಯನ್ ಐಡಲ್ ಬಂತು. ಹಾಡಿನ ಸ್ಪರ್ಧೆಯೂ ಮನೆಮಂದಿಯೆಲ್ಲ ನೋಡುವ ದೊಡ್ಡ ಚಾನೆಲ್‌ಗಳ ಪಾಲಾಯಿತು.

ಎಂಟಿವಿ ಇನ್ನೊಂದು ದಾರಿ ಹಿಡಿಯಿತು. 2003ರಲ್ಲಿ ರೋಡೀಸ್ ಎನ್ನುವ ರಿಯಾಲಿಟಿ ಶೋ ಶುರು ಮಾಡಿತು. ಬೈಕು, ಪಯಣ, ಜಗಳ. ಮೊದಲ ಸಲ ಗೆದ್ದ ರಣ್‌ವಿಜಯ್ ಆಮೇಲೆ ಅದೇ ಚಾನೆಲ್‌ನ ಮುಖವಾದರು. ಬೈಕ್ ಕಂಪನಿ ಪ್ರಾಯೋಜಕ, ಆಡಿಶನ್‌ಗೆ ಊರೂರಿನಲ್ಲಿ ಸಾಲು. 2008ರಲ್ಲಿ ಸ್ಪ್ಲಿಟ್ಸ್‌ವಿಲ್ಲಾ ಎನ್ನುವ ಇನ್ನೊಂದು ರಿಯಾಲಿಟಿ ಶೋ ಬಂತು. ಟಿಆರ್‌ಪಿ ಲೆಕ್ಕದಲ್ಲಿ ನೋಡಿದರೆ ಅವರು ಮಾಡಿದ್ದು ಸರಿ. ಹಾಡು ಬಂದಾಗ ಜನ ಚಾನೆಲ್ ಬದಲಾಯಿಸುತ್ತಾರೆ, ಜಗಳ ಬಂದಾಗ ಬದಲಾಯಿಸುವುದಿಲ್ಲ. ಹೆಸರಿನಲ್ಲಿ ಮ್ಯೂಸಿಕ್ ಉಳಿಯಿತು ಅಷ್ಟೇ. ನ್ಯಾಯವಾಗಿ ಇನ್ನೊಂದು ಮಾತೂ ಸೇರಿಸಬೇಕು. 2011ರಲ್ಲಿ ಕೋಕ್ ಸ್ಟುಡಿಯೊ, ಅನ್‌ಪ್ಲಗ್ಡ್ ತಂದದ್ದೂ ಎಂಟಿವಿಯೇ. ಅದರಲ್ಲಿ ಒಳ್ಳೆ ಹಾಡುಗಳು ಬಂದವು.

2007ರಲ್ಲಿ 9ಎಕ್ಸ್ಎಂ ಬಂತು. ಅದರಲ್ಲಿ ವಿಜೆಗಳೇ ಇರಲಿಲ್ಲ. ಕಾರ್ಟೂನ್ ಗೊಂಬೆಗಳು ಜೋಕ್ ಹೇಳುತ್ತಿದ್ದವು, ಉಳಿದ ಹೊತ್ತೆಲ್ಲ ಹೊಸ ಸಿನಿಮಾ ಹಾಡು. ಖರ್ಚು ಕಡಿಮೆ, ನೋಡುವವರು ಜಾಸ್ತಿ. ಆಮೇಲೆ ಅಂಥವು ಸಾಲುಸಾಲಾಗಿ ಬಂದವು. ಇಲ್ಲಿ ಹೋಟೆಲ್ ನಡೆಸುವವರು ಬೇಕಾದಷ್ಟು ಜನ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ಒಂದೇ ರಸ್ತೆಯ ಎಲ್ಲಾ ಹೋಟೆಲ್‌ಗೂ ಒಂದೇ ಅಡುಗೆಮನೆಯಿಂದ ಸಾಂಬಾರ್ ಬಂದರೆ ಗಿರಾಕಿ ಬೋರ್ಡ್ ನೋಡಿ ಯಾಕೆ ಒಳಗೆ ಬರಬೇಕು?

ಚಾನೆಲ್ ವಿಗೂ ಇದು ಗೊತ್ತಾಯಿತು. 2012ರ ಜುಲೈನಿಂದ ಸಿನಿಮಾ ಹಾಡು ಹಾಕುವುದನ್ನೇ ಅದು ಬಿಟ್ಟಿತು. ಕಾಲೇಜು ಹುಡುಗರ ಧಾರಾವಾಹಿಗಳ ಚಾನೆಲ್ ಆಯಿತು. 'ದಿಲ್ ದೋಸ್ತಿ ಡಾನ್ಸ್', 'ಗುಮ್ರಾಹ್', 'ಸಡ್ಡಾ ಹಕ್', ಇವುಗಳಿಗೆ ದೊಡ್ಡ ಅಭಿಮಾನಿ ಬಳಗವೇ ಇತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಮುಂಬೈನಲ್ಲಿ ಹಳೆಯ ಅನಲಾಗ್ ಕೇಬಲ್ ನಿಂತು ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ನೂರಾರು ಚಾನೆಲ್‌ಗಳ ನಡುವೆ ಅದೂ ಒಂದು ನಂಬರ್. 2016ರಲ್ಲಿ ಧಾರಾವಾಹಿ ನಿಲ್ಲಿಸಿ ಮತ್ತೆ ಹಾಡಿಗೆ ಬಂದರು. ಅದು ಜಿಯೊ ಶುರುವಾದ ವರ್ಷ, ಡೇಟಾ ಅಗ್ಗವಾದ ವರ್ಷ. ಬಿಟ್ಟುಹೋದ ಕೇಳುಗರು ಮರಳಲಿಲ್ಲ. 2018ರ ಸೆಪ್ಟೆಂಬರ್ 15ರಂದು ಚಾನೆಲ್ ವಿ ನಿಂತಿತು. ಆ ಜಾಗಕ್ಕೆ ಸ್ಟಾರ್ ಸ್ಪೋರ್ಟ್ಸ್ 3 ಬಂತು.

ಈಗ ನಮ್ಮ ಹಾಡಿನ ವಿಷಯ.

ಹಿಂದಿಯಲ್ಲಿ ಇಂಡಿಪಾಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕನ್ನಡದಲ್ಲಿ ಸಿನಿಮೇತರ ಹಾಡಿನ ಕ್ಯಾಸೆಟ್ ಇತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಸಿ. ಅಶ್ವಥ್ ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು 'ಕನ್ನಡವೇ ಸತ್ಯ' ಮಾಡಿದಾಗ ಸೇರಿದ ಜನಸಾಗರ ನಿಮಗೆಲ್ಲ ಗೊತ್ತು. ಇಷ್ಟು ಗಟ್ಟಿಯಾದ ಬೇರು ಇತ್ತು, ಸ್ವಾಮಿ. ಆದರೆ ಅದನ್ನು ಹದಿಹರೆಯದವರ ಕಣ್ಣಿಗೆ, ಅವರ ಬಟ್ಟೆ ಹಾಕಿ, ಅವರ ಲಯದಲ್ಲಿ ತೋರಿಸುವ ಕಿಟಕಿ ಇರಲಿಲ್ಲ. ಮುಂಬೈನ ಚಾನೆಲ್‌ಗಳಿಗೆ ಭಾರತ ಅಂದರೆ ಹಿಂದಿ, ಜೊತೆಗೆ ಸ್ವಲ್ಪ ಪಂಜಾಬಿ. ಕನ್ನಡದಲ್ಲಿ ಆಮೇಲೆ ಬಂದ ಮ್ಯೂಸಿಕ್ ಚಾನೆಲ್‌ಗಳಲ್ಲಿ ಹೆಚ್ಚಾಗಿ ಬಂದದ್ದು ಸಿನಿಮಾ ಹಾಡು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ಅದರಲ್ಲಿದೆ. ಆ ಆಲ್ಬಂ ಹೊರತಂದವರು ಇದೇ ಮುಂಬೈನ ಸಿನಿಮಾ ಸಂಗೀತ ನಿರ್ದೇಶಕರ ಜೋಡಿ ವಿಶಾಲ್-ಶೇಖರ್. ಹತ್ತು ವರ್ಷ ಮುಂಚೆ ಇಂಥ ಹಾಡು ಬಂದು, ಆರಿಸುವವರ ಕಣ್ಣಿಗೂ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಫೋನ್ ಬಂದ ಮೇಲೆ ಬಾಗಿಲು ತೆರೆಯಿತು, ಅದನ್ನು ಒಪ್ಪಲೇಬೇಕು. 2011ರ ನವೆಂಬರ್‌ನಲ್ಲಿ 'ಕೊಲವೆರಿ ಡಿ' ಎನ್ನುವ ತಮಿಳು ಹಾಡು ಇಂಟರ್ನೆಟ್‌ನಿಂದಲೇ ದೇಶವೆಲ್ಲ ಹಬ್ಬಿತು. 2014ರಲ್ಲಿ ಇದೇ ಕುರ್ಲಾದ ನೇಜಿ ಎಂಬ ಹುಡುಗ ಐಪ್ಯಾಡ್‌ನಲ್ಲಿ ತನ್ನ ರ್‍ಯಾಪ್ ಶೂಟ್ ಮಾಡಿ ಯೂಟ್ಯೂಬ್‌ಗೆ ಹಾಕಿದ. ಮರುವರ್ಷ ಡಿವೈನ್ ಎನ್ನುವ ಇನ್ನೊಬ್ಬ ರ್‍ಯಾಪರ್ ಜೊತೆ ಸೇರಿ ಗಲ್ಲಿಯ ಹಾಡನ್ನೇ ಹಾಡಿದ. ಎಂಟಿವಿ ಹಸಲ್ ಎನ್ನುವ ರ್‍ಯಾಪ್ ಸ್ಪರ್ಧೆ ಬಂದದ್ದು 2019ರಲ್ಲಿ. ಹಿಂದೆ ಚಾನೆಲ್ ಮೊದಲು, ಜನ ಆಮೇಲೆ. ಈಗ ತಿರುವುಮುರುವು. ಕನ್ನಡದಲ್ಲೂ ಆಲ್ ಓಕೆ, ಚಂದನ್ ಶೆಟ್ಟಿ ಅಂಥ ರ್‍ಯಾಪರ್‌ಗಳು ಯಾರ ಅಪ್ಪಣೆಗೂ ಕಾಯದೆ ಜನರನ್ನು ಮುಟ್ಟಿದರು. ಇದು ನನಗೆ ನಿಜವಾಗಿ ಖುಷಿಯ ವಿಷಯ.

ಮಾತು ಮುಗಿದ ಮೇಲೆ ರುಯಿಯಾ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಎದ್ದು ಕೇಳಿದ. "ಹಾಗಾದರೆ ಸರ್, ಈಗ ಎಲ್ಲಾ ಫೋನಿನಲ್ಲೇ ಸಿಗುತ್ತದಲ್ಲ, ಆರಿಸುವವರು ಯಾಕೆ ಬೇಕು?" ಒಳ್ಳೆಯ ಪ್ರಶ್ನೆ. ಫೋನು ನೀವು ನಿನ್ನೆ ಕೇಳಿದ್ದನ್ನು ನೋಡಿ ಇವತ್ತು ಅಂಥದ್ದನ್ನೇ ಕೊಡುತ್ತದೆ. ನೀವು ಮುಂಬೈನಲ್ಲಿ ಕೂತು ಹಿಂದಿ ಕೇಳುತ್ತಿದ್ದರೆ ಕನ್ನಡದ ಹೊಸ ಹಾಡು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹುಡುಕಿದರೆ ಸಿಗುತ್ತದೆ. ಹೆಸರೇ ಗೊತ್ತಿಲ್ಲದ್ದನ್ನು ಹೇಗೆ ಹುಡುಕುವುದು? ಗೊತ್ತಿರುವ ಒಬ್ಬ ಮನುಷ್ಯ ಹೇಳಬೇಕು.

ನಮ್ಮ ಸಂಘಗಳ ಕೈಯಲ್ಲಿ ಆ ಕೆಲಸ ಇದೆ ಅಂತ ಅವನಿಗೂ ಸಭೆಗೂ ಹೇಳಿದೆ. ಮಾತುಂಗದಿಂದ ಡೊಂಬಿವಲಿ ತನಕ ಎಷ್ಟು ಕನ್ನಡ ಸಂಘಗಳಿವೆ, ಎಷ್ಟು ವಾರ್ಷಿಕೋತ್ಸವ! ಎಲ್ಲಾ ಕಡೆ ಮಕ್ಕಳು ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿಕೊಂಡು ಕುಣಿಯುತ್ತಾರೆ. ಅದು ಇರಲಿ. ಅದರ ಜೊತೆ ಇಪ್ಪತ್ತು ನಿಮಿಷ, ಇಲ್ಲಿನ ಹುಡುಗರೇ ಬರೆದು ರಾಗ ಹಾಕಿದ ಹಾಡಿಗೆ ಬಿಡಿ. ಯಾವುದು ಇರಬೇಕು ಅಂತ ಇಬ್ಬರೋ ಮೂವರೋ ಕೂತು ಕೇಳಿ ಆರಿಸಲಿ, ಅವರ ಹೆಸರು ಬೋರ್ಡಿನಲ್ಲಿ ಹಾಕಿ. ಆರಿಸಿದ್ದನ್ನು ಫೋನಿನಲ್ಲೇ ಶೂಟ್ ಮಾಡಿ ತಂದರೆ ಎಡಿಟ್ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಮೀರಾ ರೋಡಿನಿಂದ ಬಂದವಳು, ತನ್ನ ಹತ್ತಿರ ಎರಡು ಹಾಡು ಇವೆ, ಆದರೆ ತುಳುವಿನಲ್ಲಿ ಇವೆ, ಪರವಾಗಿಲ್ವಾ ಅಂತ ಕೇಳಿದಳು. ಧಾರಾಳವಾಗಿ ತಗೊಂಡು ಬಾಮ್ಮಾ ಅಂದೆ. ಮುಂದಿನ ಭಾನುವಾರ ತರುತ್ತೇನೆ ಅಂದಿದ್ದಾಳೆ.